ಹದಿನೇಳನೇ ನಂಬರಿನ ಬಾಕು

ಬೆಳಿಗ್ಗೆ ಆರೂಕಾಲಿಗೆ ಮೋನಪ್ಪನವರು ಡ್ಯೂಟಿಗೆ ಹಾಜರು. ಡ್ಯೂಟಿ ಎಂದರೆ ಮದ್ರಾಸಿನ ವೆಸ್ಟ್ ಮಾಂಬಲಂನ ಅವರ ಫ್ಲ್ಯಾಟಿನ ಹಾಲಿನಲ್ಲಿ, ಹೊಲಿಗೆ ಮಿಷನ್ನಿಗೂ ಕಿಟಕಿಗೂ ನಡುವೆ ಇಟ್ಟಿರುವ ಕಂಪ್ಯೂಟರು. ಅದರ ಮುಂದೆ ಕೂರುವ ಮೊದಲು ಸ್ನಾನ ಮುಗಿದಿರಬೇಕು, ಅಂಗಿಯ ಗುಂಡಿ ಹಾಕಿರಬೇಕು, ಕನ್ನಡಕ ಒರೆಸಿರಬೇಕು. ಬನಿಯನ್ನಿನಲ್ಲಿ ಕೂತು ಕೆಲಸ ಮಾಡುವವರನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಆಗದು. ಹೆಂಡತಿ ಕಲಾವತಿ ಕಾಫಿ ಲೋಟವನ್ನು ಕೀಬೋರ್ಡಿನಿಂದ ಒಂದು ಮೊಳ ದೂರದಲ್ಲಿ ಇಟ್ಟು ಹೋಗುತ್ತಾರೆ. ಹತ್ತಿರ ಇಟ್ಟರೆ ಬೈಗುಳ ಗ್ಯಾರಂಟಿ.

ಅರವತ್ತೇಳು ವರ್ಷದ ಈ ಮನುಷ್ಯ ಅಲ್ಲಿ ಕೂತು ಮಾಡುವುದೇನು ಎಂದರೆ, ಆಟ. ನಗುವವರು ಈಗಲೇ ನಕ್ಕು ಮುಗಿಸಲಿ. ಬಸ್ಸಿನಲ್ಲಿ, ಆಫೀಸಿನಲ್ಲಿ, ಮದುವೆ ಊಟದ ಸಾಲಿನಲ್ಲಿ ನಿಂತು ಫೋನಿನ ಮೇಲೆ ಬಣ್ಣದ ಗುಂಡು ಒಡೆಯುವವರೇ ಇಂಥ ಕಡೆ ಜೋರಾಗಿ ನಗುವುದು. ಮೋನಪ್ಪನವರ ಆಟ ದೊಡ್ಡದು. ಲಕ್ಷಾಂತರ ಜನ ಇಂಟರ್‌ನೆಟ್ಟಿನಲ್ಲಿ ಒಟ್ಟಿಗೆ ಆಡುತ್ತಾರೆ, ಪ್ರತಿಯೊಬ್ಬರಿಗೂ ಒಂದು ವೇಷ, ಒಂದು ಕಸುಬು. ಹೆಚ್ಚಿನವರು ಯೋಧರೋ ಮಾಂತ್ರಿಕರೋ ಆಗಿ ರಾಕ್ಷಸರನ್ನು ಕೊಲ್ಲುತ್ತ ಅಲೆಯುತ್ತಾರೆ. ಮೋನಪ್ಪನವರು ಕಮ್ಮಾರ. ಒಂದು ಇಲಿಯನ್ನೂ ಕೊಂದವರಲ್ಲ.

ಆ ಆಟದ ಕೋಟೆಯ ಬಾಗಿಲಿನಲ್ಲಿ ಗಡ್ಡದ ದಳಪತಿಯೊಬ್ಬ ನಿಂತಿರುತ್ತಾನೆ. ಅವನು ಯಾರೋ ಆಡುತ್ತಿರುವ ಮನುಷ್ಯನಲ್ಲ, ಕಂಪ್ಯೂಟರೇ ಕುಣಿಸುವ ಬೊಂಬೆ. ಕಮ್ಮಾರರಿಗೆ ಅವನು ದಿನಾ ಬೆಳಿಗ್ಗೆ ಒಂದು ಆರ್ಡರು ಕೊಡುತ್ತಾನೆ: ಎರಡು ಬಾಕು, ಒಂದು ಶಿರಸ್ತ್ರಾಣ. ಮಾಡಿ ಒಪ್ಪಿಸಿದರೆ ಒಂದು ಪೆಟ್ಟಿಗೆ ಸಿಗುತ್ತದೆ. ಪೆಟ್ಟಿಗೆಯಲ್ಲಿ ಅದಿರಿನ ಚೂರು, ಚರ್ಮದ ಪಟ್ಟಿ, ಒಮ್ಮೊಮ್ಮೆ ಹೊಸ ಆಯುಧ ಮಾಡುವ ವಿಧಾನ ಬರೆದ ಸುರುಳಿ. ಮರುದಿನ ಮತ್ತೆ ಅದೇ ಆರ್ಡರು. ಆಡುವವರು ಇದಕ್ಕೆ ಡೈಲಿ ಎನ್ನುತ್ತಾರೆ.

ಮೋನಪ್ಪನವರಿಗೆ ಇದು ಅಂಟಿಕೊಂಡದ್ದು ಮೊಮ್ಮಗಳು ತನುಶ್ರೀಯಿಂದ. ಹೋದ ವರ್ಷ ಅವಳು ಶಾಲೆಯಲ್ಲಿ ಥ್ರೋಬಾಲ್ ಆಡುವಾಗ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರು. ಹುಡುಗಿ ಕೈ ನೋವಿಗೆ ಅತ್ತದ್ದು ಅರ್ಧ ದಿನ, ಡೈಲಿ ತಪ್ಪುತ್ತದೆ ಎಂದು ಅತ್ತದ್ದು ಎರಡು ದಿನ. "ನೂರಾ ಹನ್ನೊಂದು ದಿವಸ ಬಿಡದೇ ಮಾಡಿದೀನಿ ತಾತಾ, ಎಲ್ಲಾಂ ಪೋಚ್ಚು!" ಎಂದು, ಎಲ್ಲ ಹೋಯಿತೆಂದು ತಮಿಳಿನಲ್ಲಿ ಗೋಳಾಡಿದಳು. ಬಿಡದೆ ಮಾಡಿದ ಕೆಲಸ ಎಂದ ಕೂಡಲೇ ಮೋನಪ್ಪನವರ ಕಿವಿ ನೆಟ್ಟಗಾಯಿತು. "ಅಳ್ಬೇಡ, ಎಂತ ಮಾಡ್ಬೇಕು ಹೇಳು, ನಾನು ಮಾಡ್ತೇನೆ" ಎಂದು ಕುರ್ಚಿ ಎಳೆದು ಕೂತರು. ಪ್ಲಾಸ್ಟರು ಬಿಚ್ಚುವ ಹೊತ್ತಿಗೆ ಅವರು ತಮ್ಮದೇ ಒಂದು ವೇಷ ಮಾಡಿಕೊಂಡಿದ್ದರು. ಅದರ ಹೆಸರು ಮೋನಪ್ಪ೧೭.

ಆ ಹದಿನೇಳು ಎಲ್ಲಿಂದ ಬಂತು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗದು. ಬಂಟ್ವಾಳದ ಹತ್ತಿರದ ಹುಡುಗ ಮೋನಪ್ಪ ಐಟಿಐ ಮುಗಿಸಿ ಮದ್ರಾಸಿಗೆ ಬಂದು, ಅಂಬತ್ತೂರು ಎಸ್ಟೇಟಿನ ಪಂಪಿನ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ಫಿಟ್ಟರ್ ಆಗಿ ಕೆಲಸ ಮಾಡಿದ್ದ. ಟೂಲ್‌ರೂಮಿನಲ್ಲಿ ಪ್ರತಿ ಫಿಟ್ಟರಿಗೂ ಒಂದು ನಂಬರಿನ ಅಚ್ಚು ಕೊಡುತ್ತಿದ್ದರು. ಮೋನಪ್ಪನವರದು ಹದಿನೇಳು. ಮಾಡಿದ ಪ್ರತಿ ತುಂಡಿನ ಮೇಲೂ ಸುತ್ತಿಗೆಯಿಂದ ಆ ಅಚ್ಚು ಹೊಡೆಯಬೇಕು. ತುಂಡಿನಲ್ಲಿ ತಪ್ಪಿದ್ದರೆ ಅದು ಕೆಂಪು ಚೀಟಿ ಕಟ್ಟಿಕೊಂಡು, ನಂಬರು ಹುಡುಕಿಕೊಂಡು, ನೇರ ಮಾಡಿದವನ ಟೇಬಲ್ಲಿಗೆ ವಾಪಸ್ಸು ಬರುತ್ತಿತ್ತು. ಇದು ರಿಜೆಕ್ಷನ್. ಮೂವತ್ತಾರು ವರ್ಷದಲ್ಲಿ ತಮಗೆ ಬಂದ ರಿಜೆಕ್ಷನ್ನುಗಳನ್ನು ಮೋನಪ್ಪನವರು ಈಗಲೂ ತಾರೀಖಿನ ಸಮೇತ ಹೇಳುತ್ತಾರೆ. ಮದುವೆಯ ತಾರೀಖು ಕೇಳಿದರೆ ಕಲಾವತಿಯವರ ಮುಖ ನೋಡುತ್ತಾರೆ.

ಆಟದಲ್ಲೂ ಇದೇ ಏರ್ಪಾಡು ಇತ್ತು. ಯಾವ ಆಯುಧದ ಮೇಲೆ ಮೌಸಿನ ಬಾಣದ ಗುರುತು ಇಟ್ಟರೂ ಅದನ್ನು ಮಾಡಿದ ಕಮ್ಮಾರನ ಹೆಸರು ಮೂಡುತ್ತಿತ್ತು. ಮೊದಲ ದಿನ ತಮ್ಮ ಬಾಕಿನ ಮೇಲೆ ಮೋನಪ್ಪ೧೭ ಎಂದು ಮೂಡಿದಾಗ ಅವರು ಕುರ್ಚಿಯಿಂದ ಎದ್ದು, ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರು. ಆಮೇಲೆ ಕೆಲಸವೇ ಬೇರೆ ಆಯಿತು.

ಆಟದಲ್ಲಿ ಬಾಕು ಮಾಡಲು ಎರಡು ದಾರಿ. ಆಟೋ ಎಂಬ ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಸಾಧಾರಣ ದರ್ಜೆಯ ಬಾಕು ರೆಡಿ. ಇಲ್ಲವಾದರೆ ಕುಲುಮೆಯ ಬಣ್ಣ ನೋಡುತ್ತ, ಸರಿಯಾದ ಗಳಿಗೆಗೆ ಸುತ್ತಿಗೆ ಬಡಿಯುತ್ತ, ಹದ ಹಾಕುತ್ತ ಕೈಯಾರೆ ಮಾಡಬಹುದು. ಒಂದು ಬಡಿತ ತಪ್ಪಿದರೂ ದರ್ಜೆ ಇಳಿಯುತ್ತದೆ. ದಳಪತಿ ಕೇಳುವುದು ಬರೀ ಬಾಕು, ಯಾವ ದರ್ಜೆಯಾದರೂ ಅವನಿಗೆ ಸರಿ. ಲೋಕವೆಲ್ಲ ಆಟೋ ಒತ್ತಿ ಎರಡು ನಿಮಿಷದಲ್ಲಿ ಡೈಲಿ ಮುಗಿಸುತ್ತದೆ. ಮೋನಪ್ಪನವರು ಮುಕ್ಕಾಲು ಗಂಟೆ ಕೂತು, ಮೂರೂ ತುಂಡುಗಳನ್ನು ಅತ್ಯುತ್ತಮ ದರ್ಜೆಯಲ್ಲಿ ಮಾಡಿ, ಆ ಗಡ್ಡದವನ ಕೈಗೆ ಕೊಡುತ್ತಿದ್ದರು. ಕೊಟ್ಟಾಗ ಅವನು ದಿನಾ ಒಂದೇ ಮಾತು ಹೇಳುತ್ತಿದ್ದ: "ಅದ್ಭುತ ಕೆಲಸ, ಕಮ್ಮಾರನೇ! ಕೋಟೆಯ ಕಾವಲಿನವರು ನಿನಗೆ ಋಣಿ."

ಒಂದು ಭಾನುವಾರ ಬೆಳಿಗ್ಗೆ ಮಗ ರೂಪೇಶ್ ದೋಸೆ ತಟ್ಟೆ ಹಿಡಿದುಕೊಂಡು ಹಿಂದೆ ಬಂದು ನಿಂತ. ರೂಪೇಶ್‌ಗೆ ಅಡ್ಯಾರಿನ ಇನ್ಶೂರೆನ್ಸ್ ಆಫೀಸೊಂದರಲ್ಲಿ ಕೆಲಸ. ಒಳ್ಳೆಯವನೇ. ಆದರೆ ಯಾವುದನ್ನು ನೋಡಿದರೂ ಇದರಿಂದ ಏನು ಪ್ರಯೋಜನ ಎಂದು ಕೇಳುವ ಚಟ ಅವನಿಗೆ.

"ಅಪ್ಪ, ತಪ್ಪು ತಿಳ್ಕೋಬೇಡಿ. ದಿನಾ ಮುಕ್ಕಾಲು ಗಂಟೆ ಇದಕ್ಕೆ ಹಾಕ್ತೀರಲ್ಲ, ವರ್ತಾ? ಏನು ಸಿಗತ್ತೆ ನಿಮಗೆ?"

"ಪೆಟ್ಟಿಗೆ ಸಿಗ್ತದೆ."

"ಆ ಪೆಟ್ಟಿಗೆ ಆಟೋ ಒತ್ತಿದ್ರೂ ಅದೇ ಸಿಗತ್ತೆ ಅಂತಾಳೆ ತನು."

ಸೋಫಾದ ಮೇಲೆ ಮಲಗಿ ಫೋನು ನೋಡುತ್ತಿದ್ದ ತನುಶ್ರೀ ತಲೆ ಎತ್ತದೆಯೇ ಸಾಕ್ಷಿ ಹೇಳಿದಳು. "ಆಮಾಂ. ನಾನು ಎಷ್ಟು ಸಲ ಹೇಳಿದೀನಿ. ಡೈಲಿ ವರ್ತ್ ತಾನ್, ಆದ್ರೆ ಟೂ ಮಿನಿಟ್ಸ್‌ಗೆ ಮಾತ್ರ. ಬೆಸ್ಟ್ ಕ್ವಾಲಿಟಿ ಕೊಡೋದು ಪ್ಯೂರ್ ವೇಸ್ಟ್ ತಾತಾ."

"ನನ್ನ ನಂಬರು ಉಂಟು ಅದರ ಮೇಲೆ" ಎಂದರು ಮೋನಪ್ಪನವರು, ತಿರುಗಿಯೂ ನೋಡದೆ. "ನನ್ನ ನಂಬರು ಹಾಕಿ ಹಾಳುಮೂಳು ಕೊಡ್ಲಿಕ್ಕೆ ನನಗೆ ಬರುದಿಲ್ಲ. ನಾಳೆ ಆ ಕಾವಲಿನವನು ಯುದ್ಧಕ್ಕೆ ಹೋದಾಗ ಬಾಕು ತುಂಡಾದ್ರೆ ಯಾರ ಮಾನ ಹೋಗುದು?"

ಮಗ, ಮೊಮ್ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟವನ್ನು ಮೋನಪ್ಪನವರು ಕಂಪ್ಯೂಟರಿನ ಗಾಜಿನಲ್ಲಿ ಕಂಡರು. ಅವರಿಗೆ ತಿಂಗಳಿಂದ ಒಳಗೊಳಗೇ ಕೊರೆಯುತ್ತಿದ್ದ ಒಂದು ಸಂಶಯ ಆಗ ಬಾಯಿಗೆ ಬಂತು. ವರ್ಷವಾಯಿತು. ಸಾವಿರದ ಮೇಲೆ ತುಂಡು ಒಪ್ಪಿಸಿಯಾಯಿತು. ಒಂದೇ ಒಂದು ವಾಪಸ್ಸು ಬಂದಿಲ್ಲ. ತಾವು ಎಷ್ಟೇ ಗಟ್ಟಿಗರಾದರೂ ಸಾವಿರಕ್ಕೆ ಒಂದೂ ಬಾರದೇ ಇರುವುದು ಹೇಗೆ? ಕಾರ್ಖಾನೆಯಲ್ಲಿ ತಿಂಗಳುಗಟ್ಟಲೆ ಕೆಂಪು ಚೀಟಿ ಬರದಿದ್ದರೆ ಅವರು ಹಿಗ್ಗುತ್ತಿರಲಿಲ್ಲ, ಹೆದರುತ್ತಿದ್ದರು. ಹಾಗೆಂದರೆ ಆ ಕಡೆ ಯಾರೂ ಅಳೆಯುತ್ತಿಲ್ಲ ಎಂದರ್ಥ.

"ತನು, ಇಲ್ಲಿ ಬಾ. ನಾನು ಕೊಡುವ ಬಾಕು ಎಲ್ಲಿಗೆ ಹೋಗುದು?"

"ಕ್ಯಾಪ್ಟನ್ ಹತ್ರ."

"ಅವನ ಹತ್ರದಿಂದ?"

"ಎಂಗೆಯುಂ ಪೋಗಾದು ತಾತಾ, ಎಲ್ಲಿಗೂ ಹೋಗಲ್ಲ. ಡಿಲೀಟ್ ಆಗತ್ತೆ."

"ಕಾವಲಿನವರಿಗೆ ಕೊಡುದಿಲ್ವಾ? ಹೊಸದಾಗಿ ಆಟಕ್ಕೆ ಬಂದವರಿಗೆ? ಅವನೇ ಹೇಳ್ತಾನಲ್ಲ ದಿನಾ!"

"ಅದು ಡೈಲಾಗ್ ತಾತಾ. ಸುಮ್ಮ ಒಂದು ಡೈಲಾಗ್."

ಮೋನಪ್ಪನವರು ಅವಳ ಮಾತು ನಂಬಲಿಲ್ಲ. ಮಕ್ಕಳಿಗೇನು ಗೊತ್ತು ಎಂದು ಕಂಪ್ಯೂಟರು ಆರಿಸಿ ಎದ್ದರು. ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಹೆಚ್ಚೆಂದರು, ಮಜ್ಜಿಗೆ ಹುಳಿಯೆಂದರು. ಎರಡೂ ಸರಿಯಾಗಿಯೇ ಇದ್ದವು.

ಸೋಮವಾರ ಬೆಳಿಗ್ಗೆ ಅವರು ಪರೀಕ್ಷೆ ಮಾಡಿದರು. ಟೂಲ್‌ರೂಮಿನಲ್ಲಿ ಅವರ ಕಸುಬೇ ಪರೀಕ್ಷೆಯ ಕಸುಬು. ಪಂಪಿನ ತೂತು ಸರಿಯಾದ ಅಳತೆಗೆ ಇದೆಯೇ ಎಂದು ನೋಡುವ ಉಕ್ಕಿನ ಕಡ್ಡಿ, ಅದಕ್ಕೆ ಗೇಜು ಎನ್ನುತ್ತಾರೆ, ಅದನ್ನು ಅವರು ಮಾಡುತ್ತಿದ್ದರು. ಗೇಜಿನ ಒಂದು ತುದಿ ತೂತಿನೊಳಗೆ ಸಲೀಸಾಗಿ ಹೋಗಬೇಕು, ಇನ್ನೊಂದು ತುದಿ ಎಷ್ಟು ಒತ್ತಿದರೂ ಹೋಗಬಾರದು. ಹೋಗಬಾರದ ತುದಿಯೂ ಹೋಯಿತೆಂದರೆ ಆ ಪಂಪು ಸ್ಕ್ರಾಪಿಗೆ. ಆ ತುದಿಯನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದಂತೆ ಉಜ್ಜಿ ನಿಲ್ಲಿಸುವುದರಲ್ಲೇ ಅವರ ಕಣ್ಣು ಹಾಳಾದದ್ದು.

ಈ ಸಲ ಅವರು ಬೇಕೆಂದೇ ಕುಲುಮೆ ತಣ್ಣಗಾಗಲು ಬಿಟ್ಟರು. ಬೇಕೆಂದೇ ಬಡಿತ ತಪ್ಪಿಸಿದರು. ಹದ ಹಾಕುವಾಗ ಬೇಕೆಂದೇ ಕಿಟಕಿಯಾಚೆ ನೀರಿನ ಲಾರಿ ನೋಡುತ್ತ ಕೂತರು. ಬಾಕು ಬಿರುಕು ಬಿಟ್ಟು, ಅತಿ ಕೀಳು ದರ್ಜೆ ಎಂಬ ಬೂದಿ ಬಣ್ಣದ ಅಕ್ಷರ ಹೊತ್ತು ಹೊರಗೆ ಬಂತು. ಕೆಳಗೆ ಅವರದೇ ಹೆಸರು. ಅದನ್ನು ಕಂಡು ಅವರು ಮುಖ ತಿರುಗಿಸಿದರು. ಆದರೂ ಉಳಿದೆರಡು ತುಂಡಿನ ಜೊತೆ ತೆಗೆದುಕೊಂಡು ಹೋಗಿ ದಳಪತಿಗೆ ಒಪ್ಪಿಸಿದರು. ಬೈಯಲಿ, ಎಸೆಯಲಿ, ಏನಾದರೂ ಮಾಡಲಿ ಎಂದು ಕಾದರು.

"ಅದ್ಭುತ ಕೆಲಸ, ಕಮ್ಮಾರನೇ! ಕೋಟೆಯ ಕಾವಲಿನವರು ನಿನಗೆ ಋಣಿ."

"ಬೇವರ್ಸಿ!" ಎಂದು ಮೋನಪ್ಪನವರು ಕೂಗಿದ್ದು ಕೆಳಗಿನ ಮಹಡಿಗೂ ಕೇಳಿಸಿತು.

ಮನೆಯಲ್ಲಿ ಅದು ಎಲ್ಲರೂ ಹೊರಡುವ ಹೊತ್ತು. ಸೊಸೆ ಆಗಲೇ ಕೆಲಸಕ್ಕೆ ಹೋಗಿಯಾಗಿತ್ತು. ತನುಶ್ರೀ ಜಡೆಗೆ ರಿಬ್ಬನ್ ಕಟ್ಟುತ್ತಿದ್ದವಳು ಹಾಗೇ ನಿಂತಳು. ರೂಪೇಶ್ ಒಂದು ಕಾಲಿಗೆ ಶೂ ಹಾಕಿದ್ದ, ಇನ್ನೊಂದು ಕೈಯಲ್ಲಿತ್ತು.

"ಎರಡೂ ತುದಿ ಒಳಗೆ ಹೋಗುವ ಗೇಜು ಇವನು! ಬಿರುಕು ಬಿಟ್ಟದ್ದು ಕೊಟ್ಟೆ. ಕಣ್ಣು ಕಾಣುದಿಲ್ವಾ? ಅದ್ಭುತವಂತೆ! ಹಾಗಾದ್ರೆ ಇಷ್ಟು ದಿವಸ ಹೇಳಿದ ಅದ್ಭುತ ಎಂತದ್ದು? ಯಾರಿಗೆ ಹೇಳಿದ್ದು?"

"ಅಪ್ಪ, ಬಿಪಿ ಏರತ್ತೆ, ಕೂತ್ಕೊಳ್ಳಿ" ಎಂದ ರೂಪೇಶ್. ಸಮಾಧಾನ ಮಾಡುವ ಉದ್ದೇಶವೇ ಅವನದು. "ಆ ಡೈಲಿ ಇರೋದೇ ಅದಕ್ಕೆ. ದಿನಾ ಬಂದು ಲಾಗಿನ್ ಆಗ್ಲಿ ಅಂತ ಏನೋ ಒಂದು ಕೆಲಸ ಕೊಟ್ಟು ಬ್ಯುಸಿಯಾಗಿ ಇಡೋದು. ಅದನ್ನ ಯಾರಾದ್ರೂ ಸೀರಿಯಸ್ಸಾಗಿ ತಗೋತಾರಾ?"

ಏನೋ ಒಂದು ಕೆಲಸ ಕೊಟ್ಟು ಬ್ಯುಸಿಯಾಗಿ ಇಡೋದು. ಆ ಮಾತು ಕೇಳಿದ ಮೋನಪ್ಪನವರ ಮುಖ ಕೆಂಪಾಗಿದ್ದದ್ದು ಬಿಳಿಚಿಕೊಂಡಿತು. ಏಳು ವರ್ಷ ಯಾರಿಗೂ, ಹೆಂಡತಿಗೂ ಹೇಳದೆ ನುಂಗಿಕೊಂಡಿದ್ದನ್ನು ಅವರು ಆಗ ಹೇಳಿದರು. ದನಿ ಎತ್ತರಿಸಲಿಲ್ಲ.

ಕಾರ್ಖಾನೆಯಲ್ಲಿ ಅವರ ಕೊನೆಯ ಎರಡು ವರ್ಷದ ಕಥೆ ಅದು. ಹೊಸ ಆಡಳಿತದವರು ಬಂದು, ಅಳತೆಯನ್ನೂ ತಾನೇ ನೋಡಿಕೊಳ್ಳುವ ಹೊಸ ಮಿಷನ್ನುಗಳನ್ನು ಹಾಕಿದ್ದರು. ಟೂಲ್‌ರೂಮಿನ ನಾಲ್ಕು ಜನ ಹಳಬರಿಗೆ ಮಾತ್ರ ಎಂದಿನಂತೆ ಬೆಳಿಗ್ಗೆ ಜಾಬ್ ಕಾರ್ಡು ಬರುತ್ತಿತ್ತು. ದಿನಕ್ಕೆ ಎರಡು ಗೇಜು. ಮೋನಪ್ಪನವರು ಉಜ್ಜಿ, ಅಳೆದು, ಹದಿನೇಳು ಹೊಡೆದು, ಎಣ್ಣೆ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಮ್ಯಾನೇಜರು ನೋಡಿ ವೆರಿ ಗುಡ್ ಎನ್ನುತ್ತಿದ್ದ. ರಿಟೈರ್ ಆಗುವುದಕ್ಕೆ ಒಂದು ತಿಂಗಳಿರುವಾಗ, ಮನೆಯ ಬಾಗಿಲಿಗೆ ಹೆಸರಿನ ಫಲಕ ಮಾಡೋಣ ಎಂದು ಹಿತ್ತಾಳೆ ಚೂರು ಹುಡುಕಿಕೊಂಡು ಅವರು ಕ್ಯಾಂಟೀನಿನ ಹಿಂದಿನ ಸ್ಕ್ರಾಪ್ ಯಾರ್ಡಿಗೆ ಹೋದರು. ಅಲ್ಲಿ ಒಂದು ಡ್ರಮ್ಮಿನ ತುಂಬ ಗೇಜುಗಳಿದ್ದವು. ಸುತ್ತಿದ ಎಣ್ಣೆ ಕಾಗದವನ್ನೂ ಯಾರೂ ಬಿಚ್ಚಿರಲಿಲ್ಲ. ಅವರೇ ಒಂದೊಂದಾಗಿ ಬಿಚ್ಚಿ ನೋಡಿದರು. ಹದಿನೇಳು, ಹದಿನೇಳು, ಹದಿನೇಳು.

"ನಮ್ಮನ್ನು ತೆಗೆದು ಹಾಕಿದ್ರೆ ಯೂನಿಯನ್ ಗಲಾಟೆ ಮಾಡ್ತದೆ ಅಂತ ಆಡ್ಲಿಕ್ಕೆ ಬಿಟ್ಟದ್ದು" ಎಂದರು ಮೋನಪ್ಪನವರು. "ಬೇಡ ಅಂತ ಮುಖಕ್ಕೆ ಹೇಳಿದ್ರೆ ನಾನು ಮನೆಗೆ ಬರ್ತಿದ್ದೆ ಮಾರಾಯ. ಕಸ ಗುಡಿಸು ಅಂದ್ರೂ ಗುಡಿಸ್ತಿದ್ದೆ, ಗುಡಿಸಿದ ಜಾಗ ಆದ್ರೂ ಕಾಣ್ತಿತ್ತು. ಎರಡು ವರ್ಷ ವೆರಿ ಗುಡ್ ಅಂದ. ಈಗ ಈ ಗಡ್ಡದವನು. ಇವನು ಬೊಂಬೆ, ಬಿಡು. ಆ ಮ್ಯಾನೇಜರು ಮನುಷ್ಯ ಅಲ್ವಾ?"

ಕೆಳಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು. ತನುಶ್ರೀ ಬ್ಯಾಗು ಎತ್ತಿಕೊಂಡು ತಾತನ ಹತ್ತಿರ ಬಂದು, ಅವರ ಭುಜ ಮುಟ್ಟಿ ಓಡಿದಳು. ರೂಪೇಶ್ ಕೈಯಲ್ಲಿದ್ದ ಶೂ ನೋಡುತ್ತ ಕೂತಿದ್ದ. "ನನಗೆ ಗೊತ್ತಿರ್ಲಿಲ್ಲ ಅಪ್ಪ" ಎಂದ. ಗೊತ್ತಿರಲಿಲ್ಲ, ನಿಜ. ಅಪ್ಪ ತಮ್ಮ ಬೀಳ್ಕೊಡುಗೆ ಸಮಾರಂಭಕ್ಕೇ ಹೋಗದೆ ಮಲಗಿದಾಗ ಮನೆಯವರೆಲ್ಲ ಹೊಟ್ಟೆನೋವೆಂದೇ ನಂಬಿದ್ದರು.

ನಂಬಿಸಿ ಕೆಲಸ ಮಾಡಿಸಿಕೊಂಡು ಅದನ್ನು ಕಸಕ್ಕೆ ಹಾಕುವವರಿಗೆ ಏನು ಶಿಕ್ಷೆ ಕೊಡಬೇಕು, ಹೇಳಿ. ಸಂಬಳ ಕೊಟ್ಟಿದ್ದೇವಲ್ಲ ಎನ್ನುತ್ತಾರೆ. ಕೊಟ್ಟಿದ್ದಾರೆ, ಇಲ್ಲವೆಂದವರಾರು? ಆದರೆ ಎರಡು ವರ್ಷ ಒಬ್ಬ ಮನುಷ್ಯ ರೈಲು ಹತ್ತಿ ಹೋಗಿ, ಕಣ್ಣು ಕಿರಿದು ಮಾಡಿ ಉಜ್ಜಿದ್ದೆಲ್ಲ ಸುಳ್ಳು ಎಂದು ಅವನಿಗೆ ಸ್ಕ್ರಾಪಿನ ಡ್ರಮ್ಮಿನಲ್ಲಿ ಗೊತ್ತಾಗಬೇಕೇ? ಒಂದು ಮಾತು ಹೇಳಲು ಇವರ ಗಂಟೇನು ಹೋಗುತ್ತಿತ್ತು?

ಮಂಗಳವಾರ ಮೋನಪ್ಪನವರು ಡ್ಯೂಟಿಗೆ ಹೋಗಲಿಲ್ಲ. ಬುಧವಾರವೂ ಇಲ್ಲ. ಸುಮ್ಮನೆ ಮಾತ್ರ ಕೂರಲಿಲ್ಲ, ಆಟದ ಕಂಪನಿಗೆ ಇಂಗ್ಲಿಷಿನಲ್ಲಿ ಒಂದು ಪುಟದ ದೂರು ಬರೆದರು. ನಿಮ್ಮ ದಳಪತಿ ಮಾಲು ಪರೀಕ್ಷಿಸದೆ ಒಪ್ಪಿಕೊಳ್ಳುತ್ತಿದ್ದಾನೆ, ಬಿರುಕು ಬಿಟ್ಟ ಬಾಕಿಗೂ ಪ್ರಶಂಸೆ ಕೊಟ್ಟಿದ್ದಾನೆ, ತಕ್ಷಣ ಕ್ರಮ ಕೈಗೊಳ್ಳಬೇಕು ಎಂದು. ಐದೇ ನಿಮಿಷದಲ್ಲಿ ಉತ್ತರ ಬಂತು. ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು, ನಿಮ್ಮಂಥವರಿಂದಲೇ ನಮ್ಮ ಆಟ ಅದ್ಭುತವಾಗಿದೆ ಎಂದಿತ್ತು ಅದರಲ್ಲಿ. ಅದ್ಭುತ ಎಂಬ ಪದ ಓದಿ ಅವರು ತುಳುವಿನಲ್ಲಿ ಏನೋ ಗೊಣಗುತ್ತ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತರು.

ಪಕ್ಕದಲ್ಲಿ ಹೊಲಿಗೆ ಮಿಷನ್ನು ತುಳಿಯುತ್ತಿದ್ದ ಕಲಾವತಿ ಅದನ್ನು ನೋಡಿದರು. ಅವರು ತಿಪಟೂರಿನವರು, ತುಳು ಬಾರದು. ಗಂಡ ತುಳುವಿನಲ್ಲಿ ಗೊಣಗಿದರೆ ಏನೆಂದು ಕೇಳುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಅಂದು ಕೇಳಿದರು.

"ಏನಂದ್ರಿ?"

"ವಾಪಸ್ಸು ಕೊಡ್ಲಿಕ್ಕೂ ಒಬ್ಬ ಇಲ್ಲ ಅಂದೆ."

ಕಲಾವತಿ ಕೈಯಲ್ಲಿದ್ದ ರವಿಕೆ ಎತ್ತಿ ತೋರಿಸಿದರು. "ಇದು ನೋಡಿ. ಮೂರನೇ ಮಹಡಿ ನಿಖಿತಾದು. ತೋಳು ಬಿಗಿ ಅಂತ ಎರಡನೇ ಸಲ ಬಂದಿದೆ. ಯಾಕೆ ಬಂತು? ಹಾಕ್ಕೊಂಡಳು, ಅದಕ್ಕೇ ಬಂತು. ನೀವು ಆ ಬೊಂಬೆಗೆ ಯಾಕ್ರೀ ಕೊಡ್ತೀರಾ? ಅದೇನು ಹಾಕ್ಕೊಳುತ್ತಾ? ಬೇಕಾದವರನ್ನ ಹುಡುಕಿ ಕೊಡಿ."

ಮೋನಪ್ಪನವರು ಎಲೆ ಅಡಿಕೆ ಹಾಕಿಕೊಂಡು ಬಹಳ ಹೊತ್ತು ಬಾಲ್ಕನಿಯಲ್ಲಿ ಕೂತರು. ಆಮೇಲೆ ಬಂದು ಪ್ಲಗ್ಗು ಹಾಕಿದರು.

ಆಟಕ್ಕೆ ಹೊಸದಾಗಿ ಸೇರುವವರೆಲ್ಲ ಮೊದಲು ಬಂದು ಇಳಿಯುವುದು ಒಂದು ಹಳ್ಳಿಯ ಬಾವಿಕಟ್ಟೆಯ ಹತ್ತಿರ. ಕೈಯಲ್ಲಿ ಒಂದು ಮರದ ಕೋಲು ಬಿಟ್ಟರೆ ಅವರ ಬಳಿ ಏನೂ ಇರುವುದಿಲ್ಲ. ಆಡುತ್ತ ಹೋದಂತೆ ಮಟ್ಟ ಏರಿ ಬಲ ಬರುತ್ತದೆ. ಗುರುವಾರ ಬೆಳಿಗ್ಗೆ ಮೋನಪ್ಪ೧೭ ಹತ್ತು ಅತ್ಯುತ್ತಮ ದರ್ಜೆಯ ಬಾಕು ಹೊತ್ತು ಆ ಬಾವಿಕಟ್ಟೆಗೆ ಹೋಗಿ ನಿಂತ. ಬಂದವರಿಗೆಲ್ಲ ಒಂದೊಂದು ಚಾಚಿದ. ಪುಕ್ಕಟೆ. ಹೆಚ್ಚಿನವರು ನಿಂತೂ ನೋಡದೆ ಓಡಿದರು. ಮೂವರು ತೆಗೆದುಕೊಂಡರು. ಅವರಲ್ಲಿ ಇಬ್ಬರು ಅಲ್ಲೇ ಎದುರಿನ ಅಂಗಡಿಗೆ ಹೋಗಿ ಮಾರಿಬಿಟ್ಟರು. ಕಣ್ಣೆದುರಿಗೇ! ಕುತ್ತಿಗೆ ಹಿಡಿದು ನೂಕಲು ಆಟದಲ್ಲಿ ಯಾವುದಾದರೂ ಗುಂಡಿ ಇದೆಯೇ ಎಂದು ಮೋನಪ್ಪನವರು ಹುಡುಕಿದರು. ಇರಲಿಲ್ಲ. ಮೂರನೆಯದು ಜಿಂಜರ್ ಟೀ ಎಂದು ಹೆಸರಿಟ್ಟುಕೊಂಡ ಒಂದು ಪ್ರಾಣಿ. ಗಂಡೋ ಹೆಣ್ಣೋ, ಯಾವ ಊರೋ, ಯಾರು ಬಲ್ಲರು. ಅದು ಬಾಕು ತೆಗೆದುಕೊಂಡು ಕಾಡಿನ ಕಡೆ ಹೋಯಿತು.

ಶುಕ್ರವಾರ ಬೆಳಿಗ್ಗೆ ಆಟದ ಅಂಚೆಪೆಟ್ಟಿಗೆಯಲ್ಲಿ ಏನೋ ಬಂದು ಕೂತಿತ್ತು. ತೆರೆದರೆ ಅವರದೇ ಬಾಕು. ಜೊತೆಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಮೋನಪ್ಪನವರು ಬೆರಳಿಟ್ಟು ಓದಿದರು. ನಾನಿನ್ನೂ ಐದನೇ ಮಟ್ಟದಲ್ಲಿದ್ದೇನೆ, ಇದನ್ನು ಎತ್ತಲೂ ನನ್ನಿಂದ ಆಗುವುದಿಲ್ಲ. ಚಂದ ಇದೆ, ಆದರೆ ಉಪಯೋಗವಿಲ್ಲ, ವಾಪಸ್ಸು ಕಳಿಸಿದ್ದೇನೆ.

"ಕಲಾ!" ಎಂದು ಕೂಗಿದರು. "ರಿಜೆಕ್ಷನ್ ಬಂತು!"

ಕಲಾವತಿ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದರು. "ಸಂತೋಷ ಆಯ್ತಾ?"

"ಎಂತ ಸಂತೋಷ? ಉಪಯೋಗ ಇಲ್ಲ ಅಂತೆ! ಮೂವತ್ತಾರು ವರ್ಷ ಕೆಲಸ ಮಾಡಿದವನಿಗೆ, ನಿನ್ನೆ ಹುಟ್ಟಿದವರು ಹೇಳುದು, ಉಪಯೋಗ ಇಲ್ಲ ಅಂತ!" ಎಂದು ರೇಗುತ್ತಲೇ ಅವರು ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡರು. ತಪ್ಪು ತಮ್ಮದೇ. ಹಿಡಿಯುವವನ ಕೈ ನೋಡದೆ ಆಯುಧ ಮಾಡಿದ್ದು ತಪ್ಪು. ಇಂಥ ತಪ್ಪಿಗೆ ಹಿಂದೆ ಕಾರ್ಖಾನೆಯ ಹುಡುಗರಿಗೆ ಅವರೇ ಬೈಯುತ್ತಿದ್ದರು.

ಐದನೇ ಮಟ್ಟದವರು ಹಿಡಿಯುವ ಹಗುರ ಬಾಕು ಮಾಡುವುದು ಹೇಗೆ? ಶಾಲೆಗೆ ಹೊರಟಿದ್ದ ತನುಶ್ರೀಯನ್ನು ಹಿಡಿದು ನಿಲ್ಲಿಸಿ ಕೇಳಿದರು. ಅವಳು ಆಟದೊಳಗಿನ ತಾತನ ಸಂದೂಕ ತೆರೆದು ನೋಡಿ ಕಿಸಕ್ಕನೆ ನಕ್ಕಳು. ಹಗುರ ಬಾಕಿನ ವಿಧಾನದ ಸುರುಳಿ ಅಲ್ಲೇ ಬಿದ್ದಿತ್ತು, ಎಂಟು ತಿಂಗಳಿಂದ. ಇದೆಲ್ಲ ಮಕ್ಕಳ ಆಟದ ಸಾಮಾನು ಎಂದು ಅವರೇ ಮೂಲೆಗೆ ಎಸೆದದ್ದು.

"ಇದು ಎಲ್ಲಿಂದ ಬಂತು ಹೇಳಿ ತಾತಾ? ಡೈಲಿ ಪೆಟ್ಟಿಗೆಯಿಂದ. ಹಿಡಿಗೆ ಸುತ್ತೋ ಲೆದರ್ ಇದೆಯಲ್ಲ, ಅದೂ ಕ್ಯಾಪ್ಟನ್ ಕೊಟ್ರೆ ಮಾತ್ರ. ಬೇರೆ ಎಲ್ಲೂ ಸಿಗಲ್ಲ. ನಿಮ್ಮ ಹತ್ರ ಎಲ್ಲಾ ಖರ್ಚಾಗಿ ಒಂದೇ ಒಂದು ಉಳಿದಿದೆ. ಇನ್ನೂ ಬೇಕು ಅಂದ್ರೆ ಡೈಲಿ ಮಾಡಿಯೇ ಆಗಬೇಕು."

ಮೋನಪ್ಪನವರು ಹಲ್ಲು ಕಡಿದರು. ಆ ಗಡ್ಡದವನ ಮುಖ ಮತ್ತೆ ನೋಡಬೇಕು ಎಂದರೆ ಯಾರಿಗೆ ಸಿಟ್ಟು ಬಾರದು? ಆದರೆ ಅವರು ಕಚ್ಚಾ ಮಾಲಿನ ಬೆಲೆ ಬಲ್ಲವರು. ಸ್ವಲ್ಪ ಯೋಚಿಸಿ ಒಂದು ದಾರಿ ಕಂಡುಕೊಂಡರು. ಆಟದ ಸಂತೆಯಲ್ಲಿ ಯಾರೋ ಆಟೋ ಒತ್ತಿ ಮಾಡಿ ರಾಶಿ ಹಾಕಿದ್ದ ಸಾಧಾರಣ ಬಾಕು ಎರಡು, ಶಿರಸ್ತ್ರಾಣ ಒಂದು ಕೊಂಡುತಂದು ದಳಪತಿಯ ಕೈಗೆ ಹಾಕಿದರು. ಅವನು ಅದ್ಭುತ ಎಂದ. "ಹೌದಪ್ಪ, ಅದ್ಭುತ" ಎಂದು ಮೋನಪ್ಪನವರೂ ಹೇಳಿ, ಪೆಟ್ಟಿಗೆ ಕಸಿದುಕೊಂಡು ಬಂದರು. ಒಂದೂವರೆ ನಿಮಿಷ. ಅದರ ಮೇಲೆ ಹದಿನೇಳು ಇರಲಿಲ್ಲ. ಆ ಕೆಲಸ ಯೋಗ್ಯವಾದದ್ದು ಅಷ್ಟಕ್ಕೆ, ಅಷ್ಟನ್ನೇ ಕೊಟ್ಟರು.

ಉಳಿದ ಮುಕ್ಕಾಲು ಗಂಟೆ ಹಗುರ ಬಾಕಿಗೆ ಹೋಯಿತು. ಅದು ಹಠಮಾರಿ. ತೆಳು ಅಲಗು ಬೇಗ ಕಾಯುತ್ತದೆ, ಬೇಗ ಸುಡುತ್ತದೆ. ಮೂರು ಹಾಳಾದವು. ನಾಲ್ಕನೆಯದು ನಿಂತಿತು. ಚರ್ಮ ಸುತ್ತಿ, ಅಂಚೆಗೆ ಹಾಕಿ, ಜೊತೆಗೆ ಟೂಲ್‌ರೂಮಿನ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು: ತಪ್ಪು ಸರಿಪಡಿಸಲಾಗಿದೆ, ಉಪಯೋಗಿಸಿ ತಿಳಿಸುವುದು.

ಶನಿವಾರ ಏನೂ ಬರಲಿಲ್ಲ. ಭಾನುವಾರ, ಸೋಮವಾರ, ಮಂಗಳವಾರ ಬರಲಿಲ್ಲ. ಮೋನಪ್ಪನವರು ಮನೆಯವರ ಮೇಲೆಲ್ಲ ಹರಿಹಾಯ್ದರು. ಅದನ್ನೂ ಮಾರಿಕೊಂಡಿರಬೇಕು, ಜನವೇ ಹಾಗೆ ಎಂದರು. ರಾತ್ರಿ ಊಟಕ್ಕೆ ಕೂತಾಗ ರೂಪೇಶ್ "ಏನಾದ್ರೂ ಬಂತಾ ಅಪ್ಪ?" ಎಂದು ಕೇಳಿದ. ಏನು ಪ್ರಯೋಜನ ಎಂದು ಕೇಳಲಿಲ್ಲ.

ಬುಧವಾರ ಆರೂಕಾಲಿಗೆ ಅಂಚೆಪೆಟ್ಟಿಗೆಯಲ್ಲಿ ಬಾಕು ಬಂದು ಕೂತಿತ್ತು. ಮೋನಪ್ಪನವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಮತ್ತೆ ರಿಜೆಕ್ಷನ್. ಬಾಣದ ಗುರುತು ಇಟ್ಟು ನೋಡಿದರು. ಮಾಡಿದವನು ಮೋನಪ್ಪ೧೭. ಅದರ ಕೆಳಗಿನ ಸಾಲನ್ನು ಅವರು ಈವರೆಗೆ ಯಾವತ್ತೂ ಗಮನಿಸಿದವರಲ್ಲ, ಏಕೆಂದರೆ ಅಲ್ಲಿ ಯಾವಾಗಲೂ ನೂರಕ್ಕೆ ನೂರು ಎಂದೇ ಇರುತ್ತಿತ್ತು. ಈಗ ನೂರಕ್ಕೆ ಮೂರು ಎಂದಿತ್ತು. ಅಲಗು ಹಲ್ಲು ಹಲ್ಲಾಗಿತ್ತು. ಹಿಡಿಯ ಚರ್ಮ ಬಿಚ್ಚಿ ಜೋತುಬಿದ್ದಿತ್ತು. ಜೊತೆಗೆ ಒಂದು ಸಾಲು: ದಿನಾ ಇದನ್ನೇ ಹಿಡಿದು ಹೋಗುತ್ತಿದ್ದೇನೆ, ರಿಪೇರಿ ಮಾಡಿಕೊಡುತ್ತೀರಾ?

ಮೋನಪ್ಪನವರು ಕನ್ನಡಕ ತೆಗೆದು ಒರೆಸಿದರು, ಹಾಕಿದರು, ಮತ್ತೆ ತೆಗೆದರು. ಕಾಫಿ ತಂದ ಕಲಾವತಿ ಲೋಟವನ್ನು ಕೀಬೋರ್ಡಿನ ಪಕ್ಕದಲ್ಲೇ ಇಟ್ಟರೂ ಬೈಯಲಿಲ್ಲ.

"ನೋಡು ಇಲ್ಲಿ" ಎಂದರು. "ಸವೆದಿದೆ."

ಕಲಾವತಿ ಬಗ್ಗಿ ನೋಡಿದರು.

"ಐದು ದಿವಸ ಆಗ್ಲಿಲ್ಲ ಕೊಟ್ಟು! ಎಂತ ಜನ ಇವರು? ಒಂದು ಸಾಮಾನು ಹೇಗೆ ಇಟ್ಟುಕೊಳ್ಬೇಕು ಅಂತ ಗೊತ್ತಿಲ್ವಾ? ಕಲ್ಲಿಗೆ ಬಡಿದದ್ದಾ, ಎಂತ? ಸ್ವಲ್ಪವೂ ಜಾಗ್ರತೆ ಬೇಡ್ವಾ ಮನುಷ್ಯನಿಗೆ!"

ಅವರು ಬೈಯುತ್ತಲೇ ಕುಲುಮೆ ಹೊತ್ತಿಸಿದರು. ಮಾಂಬಲಂ ಸ್ಟೇಷನ್ನಿನಿಂದ ಏಳು ಗಂಟೆಯ ರೈಲು ಹೊರಟ ಮೇಲೂ ಆ ಬೈಗುಳ ನಿಂತಿರಲಿಲ್ಲ.